ಡೇಟಾಬೇಸಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಹೆಸರು

(ಚಿಕ್ಕಮಗಳೂರಿನಲ್ಲಿ ಕಾಫಿ ತೋಟದ ಕಚೇರಿ, ಕಾಫಿ ಹದಮಾಡುವ ಕ್ಯೂರಿಂಗ್ ವರ್ಕ್ಸ್, ಹೋಂಸ್ಟೇ ಮತ್ತು ಸಹಕಾರ ಸಂಘಗಳ ಕಂಪ್ಯೂಟರ್ ನೋಡಿಕೊಳ್ಳುವವರ ಮುಂದೆ ಆಡಿದ ಮಾತಿನ ಬರಹ ರೂಪ. ಪರದೆಯ ಮೇಲೆ ತೋರಿಸಿದ ಕಮಾಂಡುಗಳನ್ನು ಇಲ್ಲಿ ಮಾತಿನಲ್ಲೇ ವಿವರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಕೊಯ್ಲಿನ ಕಾಲದ ಒಂದು ಸಂಜೆ ಅಂತ ಇಟ್ಟುಕೊಳ್ಳಿ. ಹಣ್ಣು ಕೊಯ್ದವರು ಚೀಲ ಇಳಿಸಿ ಸಾಲಾಗಿ ನಿಂತಿದ್ದಾರೆ. ಮೇಸ್ತ್ರಿ ತೂಕ ಕೂಗುತ್ತಾರೆ, ರೈಟರ್ ಬರೆದುಕೊಳ್ಳುತ್ತಾರೆ. ಮೊದಲಾದರೆ ಅದು ಕೂಲಿ ಲೆಕ್ಕದ ಚೆಕ್‌ರೋಲ್ ಪುಸ್ತಕಕ್ಕೆ ಹೋಗುತ್ತಿತ್ತು, ಈಗ ಎಷ್ಟೋ ತೋಟಗಳಲ್ಲಿ ಕಂಪ್ಯೂಟರಿಗೆ ಹೋಗುತ್ತದೆ. ಕಿಲೋ ಲೆಕ್ಕದ ಕೂಲಿ. ವಾರದ ಬಟವಾಡೆ ದಿನ ಒಬ್ಬಾಕೆ ಬಂದು, "ಮಂಗಳವಾರ ನಂದು 62 ಕಿಲೋ ಇತ್ತು, ಇಲ್ಲಿ 26 ಅಂತ ಇದೆಯಲ್ಲ" ಅನ್ನುತ್ತಾರೆ.

ಯಾರು ಬದಲಾಯಿಸಿದರು? ಕೈತಪ್ಪೋ, ಬೇಕಂತಲೇ ಮಾಡಿದ್ದೋ? ಲೆಕ್ಕವೆಲ್ಲ ಇರುವ ಸರ್ವರಿನಲ್ಲಿ ಹುಡುಕಿದರೆ ಎಲ್ಲ ಕಡೆ ಒಂದೇ ಹೆಸರು, 'ಪೋಸ್ಟ್‌ಗ್ರೆಸ್', ಅಂದರೆ ಡೇಟಾಬೇಸ್ ಹಾಕಿದಾಗಲೇ ಬರುವ, ಎಲ್ಲ ಹಕ್ಕೂ ಇರುವ ಮುಖ್ಯ ಖಾತೆ. ರೈಟರ್ ಒಳಗೆ ಹೋಗುವುದೂ ಅದೇ ಹೆಸರಲ್ಲಿ. ಮ್ಯಾನೇಜರ್, ಅಕೌಂಟೆಂಟ್, ಬೆಂಗಳೂರಿನಲ್ಲಿರುವ ಮಾಲೀಕರು, ಸಾಫ್ಟ್‌ವೇರ್ ಹಾಕಿಕೊಟ್ಟ ಹುಡುಗ, ಎಲ್ಲರಿಗೂ ಅದೇ ಹೆಸರು, ಅದೇ ಪಾಸ್‌ವರ್ಡ್. ಕೊನೆಗೆ ಬೈಸಿಕೊಳ್ಳುವವರು ಮಾತ್ರ ದಿನವಿಡೀ ಆ ಕೀಬೋರ್ಡ್ ಮುಂದೆ ಕೂರುವ ರೈಟರ್. ತಾನು ಮುಟ್ಟಿಲ್ಲ ಅಂತ ತೋರಿಸಲು ಅವರ ಕೈಯಲ್ಲಿ ಏನೂ ಇರುವುದಿಲ್ಲ.

ಪಾಸ್‌ವರ್ಡ್ ಅಂದ ಕೂಡಲೇ ಜನ ಕಳ್ಳರ ಬಗ್ಗೆ ಯೋಚಿಸುತ್ತಾರೆ. ನನಗೆ ಮೊದಲು ನೆನಪಾಗುವುದು ಆ ರೈಟರ್, ಮತ್ತು ಕೂಲಿ ಕಡಿಮೆ ಬಂದ ಆ ಹೆಂಗಸು. ಒಬ್ಬೊಬ್ಬರಿಗೆ ಒಂದೊಂದು ಹೆಸರು ಇದ್ದರೆ, ನಿಯತ್ತಿನಿಂದ ಕೆಲಸ ಮಾಡುವವರಿಗೆ ಅದೇ ಸಾಕ್ಷಿ. ಇದನ್ನು ಮಾಡಲು ದುಡ್ಡು ಬೇಕಿಲ್ಲ. ಡೇಟಾಬೇಸಿನೊಳಗೆ ಎಲ್ಲ ಅನುಕೂಲ ಮೊದಲೇ ಇದೆ, ನಾವು ಬಳಸುತ್ತಿಲ್ಲ ಅಷ್ಟೇ.

ನಾನು ಪೋಸ್ಟ್‌ಗ್ರೆಸ್‌ಕ್ಯೂಎಲ್, ಚಿಕ್ಕದಾಗಿ ಪೋಸ್ಟ್‌ಗ್ರೆಸ್, ಅನ್ನುವ ಡೇಟಾಬೇಸ್ ಸಾಫ್ಟ್‌ವೇರ್ ಇಟ್ಟುಕೊಂಡು ಮಾತಾಡುತ್ತೇನೆ. ಉಚಿತವಾಗಿ ಸಿಗುತ್ತದೆ, ಸಣ್ಣ ಕಚೇರಿಗೂ ಸಾಕು, ದೊಡ್ಡ ಕಂಪನಿಗೂ ಸಾಕು. ಅಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಆದ ಮೈಎಸ್‌ಕ್ಯೂಎಲ್ ಬಳಸುವವರಿಗೆ ಎಲ್ಲಿ ಬೇರೆ ಆಗುತ್ತದೋ ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಸರ್ವರ್ ಯಾರ ಮಾತಿಗೆ ಕಿವಿ ಕೊಡುತ್ತದೆ ಅಂತ ನೋಡಬೇಕು. ಪೋಸ್ಟ್‌ಗ್ರೆಸ್ ಹಾಕಿದಾಗ ಅದರ ಮೂಲ ಸೆಟ್ಟಿಂಗ್ ಪ್ರಕಾರ ತಾನಿರುವ ಯಂತ್ರದಿಂದ ಬಂದ ಕರೆಯನ್ನು ಮಾತ್ರ ಕೇಳುತ್ತದೆ. 'ಲಿಸನ್ ಅಡ್ರೆಸಸ್' ಅನ್ನುವ ಸೆಟ್ಟಿಂಗಿನಲ್ಲಿ 'ಲೋಕಲ್‌ಹೋಸ್ಟ್' ಅಂತ ಇರುತ್ತದೆ. ಅದರ ಪೋರ್ಟ್, ಅಂದರೆ ಕರೆ ಬರುವ ಬಾಗಿಲಿನ ನಂಬರ್, 5432. ಮಾಲೀಕರು ಬೆಂಗಳೂರಿನಿಂದ ಲೆಕ್ಕ ನೋಡಬೇಕು ಅಂದಾಗ ಏನಾಗುತ್ತದೆ? ಯಾರೋ ಬಂದು ಆ ಜಾಗದಲ್ಲಿ ನಕ್ಷತ್ರದ ಗುರುತು ಹಾಕುತ್ತಾರೆ, ಅಂದರೆ ಎಲ್ಲ ಕಡೆಯಿಂದ ಬಂದದ್ದನ್ನೂ ಕೇಳು ಅಂತ. ರೂಟರಿನಲ್ಲಿ 5432 ಅನ್ನು ಹೊರಗೆ ತೆರೆಯುತ್ತಾರೆ. ಕೆಲಸ ನಡೆಯುತ್ತದೆ, ಎಲ್ಲರಿಗೂ ಖುಷಿ. ಆದರೆ ಆ ಕ್ಷಣದಿಂದ ನಿಮ್ಮ ಆಲ್ದೂರಿನ ಕಚೇರಿಯ ಕಂಪ್ಯೂಟರಿನ ಬಾಗಿಲನ್ನು ಪ್ರಪಂಚದ ಯಾವ ಮೂಲೆಯಿಂದಲೂ ತಟ್ಟಬಹುದು. ತೆರೆದ ಪೋರ್ಟ್ ಹುಡುಕುತ್ತಾ ಇರುವ ಪ್ರೋಗ್ರಾಮುಗಳು ರಾತ್ರಿ ಹಗಲು ಓಡುತ್ತಿರುತ್ತವೆ. ನಾವು ಸಣ್ಣವರು, ನಮ್ಮನ್ನು ಯಾರು ಹುಡುಕುತ್ತಾರೆ ಅನ್ನುವ ಮಾತಿಗೆ ಇಲ್ಲಿ ಬೆಲೆ ಇಲ್ಲ. ಆ ಪ್ರೋಗ್ರಾಮಿಗೆ ನೀವು ಯಾರು ಅಂತ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ.

2017ರ ಜನವರಿಯಲ್ಲಿ ಮಾಂಗೋಡಿಬಿ ಅನ್ನುವ ಇನ್ನೊಂದು ಡೇಟಾಬೇಸ್ ಬಳಸುತ್ತಿದ್ದವರಿಗೆ ಆದದ್ದು ಇದೇ. ಇಂಟರ್‌ನೆಟ್ಟಿಗೆ ತೆರೆದಿಟ್ಟ, ಪಾಸ್‌ವರ್ಡೇ ಇಲ್ಲದ ಸಾವಿರಾರು ಡೇಟಾಬೇಸುಗಳನ್ನು ಒಳಹೊಕ್ಕು ಅಳಿಸಿ ಹಾಕಿದರು. ಹಣ ಕೊಟ್ಟರೆ ವಾಪಸ್ ಕೊಡುತ್ತೇವೆ ಅಂತ ಒಂದು ಚೀಟಿ ಬಿಟ್ಟು ಹೋದರು. ಎಷ್ಟೋ ಕಡೆ ಅವರು ಡೇಟಾದ ನಕಲನ್ನೇ ಮಾಡಿರಲಿಲ್ಲ, ಸುಮ್ನೆ ಅಳಿಸಿದ್ದರು. ಹಣ ಕಟ್ಟಿದವರಿಗೂ ಏನೂ ಸಿಗಲಿಲ್ಲ. ಅದಕ್ಕೂ 15 ವರ್ಷ ಮೊದಲು, 2002ರ ಮೇ ತಿಂಗಳಲ್ಲಿ, ಮೈಕ್ರೋಸಾಫ್ಟ್ ಎಸ್‌ಕ್ಯೂಎಲ್ ಸರ್ವರಿನ 'ಎಸ್‌ಎ' ಅನ್ನುವ ಮುಖ್ಯ ಖಾತೆಗೆ ಪಾಸ್‌ವರ್ಡ್ ಖಾಲಿ ಬಿಟ್ಟವರನ್ನೇ ಹುಡುಕಿಕೊಂಡು ಒಂದು ವರ್ಮ್, ಅಂದರೆ ತಾನಾಗಿ ಹರಡುವ ಕೆಟ್ಟ ಪ್ರೋಗ್ರಾಮ್, ಹರಡಿತ್ತು. ಎರಡು ಕಡೆಯೂ ಯಾರೂ ದೊಡ್ಡ ಜಾಣತನ ತೋರಿಸಿ ಬೀಗ ಒಡೆಯಲಿಲ್ಲ. ಬೀಗವೇ ಹಾಕಿರಲಿಲ್ಲ.

ಹಾಗಾದರೆ ಮಾಲೀಕರು ಬೆಂಗಳೂರಿನಿಂದ ನೋಡುವುದು ಹೇಗೆ? ವಿಪಿಎನ್ ಹಾಕಿ, ಅಂದರೆ ಇಂಟರ್‌ನೆಟ್ಟಿನೊಳಗೇ ನಮ್ಮವರಿಗೆ ಮಾತ್ರ ಇರುವ ಮುಚ್ಚಿದ ದಾರಿ. ಅದಕ್ಕೆ ವೈರ್‌ಗಾರ್ಡ್ ಅನ್ನುವ ಸಾಫ್ಟ್‌ವೇರ್ ಉಚಿತ, ಹಳೆಯ ಕಂಪ್ಯೂಟರಿನ ಮೇಲೂ ಓಡುತ್ತದೆ. ಇಲ್ಲವಾದರೆ ಎಸ್‌ಎಸ್‌ಎಚ್ ಟನಲ್, ಅದೂ ಅಂಥದ್ದೇ ಮುಚ್ಚಿದ ದಾರಿ. ಎರಡರಲ್ಲೂ 5432 ಹೊರಗಿನವರಿಗೆ ಕಾಣುವುದಿಲ್ಲ. ಮಳೆಗಾಲದಲ್ಲಿ ಲೈನ್ ಹೋದರೆ ಎರಡೂ ನಿಲ್ಲುತ್ತವೆ, ಅದಕ್ಕೆ ನನ್ನ ಹತ್ತಿರ ಔಷಧ ಇಲ್ಲ.

ಇನ್ನು ಯಾರನ್ನು ಒಳಗೆ ಬಿಡಬೇಕು ಅಂತ ಹೇಳುವ ಮುಖ್ಯ ಫೈಲಿಗೆ ಬರೋಣ. ಪಿಜಿ ಅಂಡರ್‌ಸ್ಕೋರ್ ಎಚ್‌ಬಿಎ ಡಾಟ್ ಕಾನ್ಫ್. ಇದನ್ನು ಗೇಟಿನಲ್ಲಿ ಕೂತ ಕಾವಲುಗಾರನ ಕೈಯಲ್ಲಿರುವ ಪಟ್ಟಿ ಅಂತ ತಿಳಿಯಿರಿ. ನೆಟ್‌ವರ್ಕಿನಿಂದ ಬರುವವರ ಒಂದೊಂದು ಸಾಲಿನಲ್ಲೂ ಐದು ವಿಷಯ ಇರುತ್ತದೆ. ಯಾವ ದಾರಿಯಲ್ಲಿ ಬಂದರು, ಯಾವ ಡೇಟಾಬೇಸ್ ಬೇಕು, ಯಾರು, ಯಾವ ವಿಳಾಸದಿಂದ, ಮತ್ತು ಅವರನ್ನು ಹೇಗೆ ಪರೀಕ್ಷಿಸಬೇಕು.

ಈ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಲಾಗುತ್ತದೆ. ಹೊಂದುವ ಮೊದಲ ಸಾಲು ಸಿಕ್ಕಿತೋ, ಅಲ್ಲಿಗೆ ಮುಗಿಯಿತು. ಆ ಸಾಲು ಹೇಳಿದ ಪರೀಕ್ಷೆಯಲ್ಲಿ ಸೋತರೆ ಕೆಳಗಿನ ಸಾಲುಗಳನ್ನು ನೋಡುವುದೇ ಇಲ್ಲ. ಯಾವ ಸಾಲೂ ಹೊಂದದಿದ್ದರೆ ಒಳಗೆ ಬಿಡುವುದಿಲ್ಲ. ಈ ಕ್ರಮ ಅರ್ಥವಾಗದೆ ಒದ್ದಾಡುವವರು ಬಹಳ. ಕೆಳಗೆ ಎಷ್ಟೇ ಬಿಗಿಯಾದ ಸಾಲುಗಳನ್ನು ಬರೆದಿದ್ದರೂ, ಮೇಲೆ ಎಲ್ಲಾದರೂ 'ಎಲ್ಲರಿಗೂ, ಎಲ್ಲ ಕಡೆಯಿಂದ, ಟ್ರಸ್ಟ್' ಅಂತ ಒಂದು ಸಾಲು ಉಳಿದಿದ್ದರೆ ಕೆಳಗಿನದ್ದೆಲ್ಲ ವ್ಯರ್ಥ. ಟ್ರಸ್ಟ್ ಅಂದರೆ ಪಾಸ್‌ವರ್ಡ್ ಕೇಳುವುದೇ ಇಲ್ಲ, ಹೇಳಿದ ಹೆಸರನ್ನು ನಂಬಿಬಿಡುತ್ತದೆ. ನಾನು 'ಪೋಸ್ಟ್‌ಗ್ರೆಸ್' ಅಂದರೆ ನಾನೇ ದೊರೆ. ಒಂದು ದಿನ ಪಾಸ್‌ವರ್ಡ್ ಮರೆತಾಗ ಟ್ರಸ್ಟ್ ಹಾಕಿ ಒಳಗೆ ಹೋಗಿ, ಆಮೇಲೆ ತೆಗೆಯಲು ಮರೆಯುವುದು ಅಂತ ಒಂದು ರೂಢಿಯೇ ಇದೆ. ಇವತ್ತು ಕಚೇರಿಗೆ ಹೋದ ಕೂಡಲೇ ಆ ಫೈಲ್ ತೆರೆದು ಟ್ರಸ್ಟ್ ಅನ್ನುವ ಪದ ಹುಡುಕಿ.

ಉಬುಂಟು ಮೇಲೆ ಹಾಕಿದ್ದರೆ ಅದೇ ಯಂತ್ರದಲ್ಲಿ ಕೂತವರಿಗೆ 'ಪಿಯರ್' ಅಂತ ಇರುತ್ತದೆ. ಲಿನಕ್ಸಿನಲ್ಲಿ ನೀವು ಯಾವ ಹೆಸರಲ್ಲಿ ಲಾಗಿನ್ ಆಗಿದ್ದೀರೋ ಅದೇ ಹೆಸರಲ್ಲಿ ಡೇಟಾಬೇಸಿಗೂ ಬಿಡುತ್ತದೆ. ಅದು ಒಳ್ಳೆಯದೇ, ಹಾಗೇ ಇರಲಿ. ನೆಟ್‌ವರ್ಕಿನಿಂದ ಬರುವವರಿಗೆ 'ಹೋಸ್ಟ್‌ಎಸ್‌ಎಸ್‌ಎಲ್' ಅಂತ ಬರೆಯಿರಿ, ಆಗ ದಾರಿಯಲ್ಲಿ ಯಾರೂ ಕದ್ದು ಓದಲಾಗದ ಸಂಪರ್ಕ ಇದ್ದರೆ ಮಾತ್ರ ಆ ಸಾಲು ಹೊಂದುತ್ತದೆ. ಪರೀಕ್ಷೆಯ ಜಾಗದಲ್ಲಿ 'ಸ್ಕ್ರ್ಯಾಮ್ ಶಾ 256' ಅನ್ನುವ ಪಾಸ್‌ವರ್ಡ್ ವಿಧಾನ ಹಾಕಿ. ಬರೆದ ಮೇಲೆ ಸರ್ವರ್ ನಿಲ್ಲಿಸಿ ಎಬ್ಬಿಸಬೇಕಾಗಿಲ್ಲ, ರೀಲೋಡ್ ಮಾಡಿದರೆ ಸಾಕು. ಬಟವಾಡೆ ನಡೆಯುತ್ತಿರುವಾಗಲೂ ಮಾಡಬಹುದು.

ಸ್ಕ್ರ್ಯಾಮ್ ಬಗ್ಗೆ ಎರಡು ಮಾತು ಹೇಳಲೇಬೇಕು. ಹಿಂದೆ ಇದ್ದ ಎಂಡಿ5 ವಿಧಾನದಲ್ಲಿ ಸರ್ವರ್ ನಿಮ್ಮ ಪಾಸ್‌ವರ್ಡ್ ಮತ್ತು ಹೆಸರನ್ನು ಸೇರಿಸಿ ಅರೆದ ಒಂದು ಹ್ಯಾಶ್, ಅಂದರೆ ನೋಡಿದರೆ ಅಸಲು ಪದ ತಿಳಿಯದ ಅಕ್ಷರಗಳ ಸಾಲು, ಇಟ್ಟುಕೊಳ್ಳುತ್ತಿತ್ತು. ತೊಂದರೆ ಏನೆಂದರೆ, ಆ ಹ್ಯಾಶ್ ಯಾರಿಗಾದರೂ ಸಿಕ್ಕಿದರೆ ಅಸಲು ಪಾಸ್‌ವರ್ಡ್ ಗೊತ್ತಿಲ್ಲದೆಯೂ ಒಳಗೆ ಬರಬಹುದಿತ್ತು. 2017ರಲ್ಲಿ ಬಂದ 10ನೇ ಆವೃತ್ತಿಯಲ್ಲಿ ಸ್ಕ್ರ್ಯಾಮ್ ಸೇರಿತು, 2021ರ 14ನೇ ಆವೃತ್ತಿಯಿಂದ ಅದೇ ಮೂಲ ಸೆಟ್ಟಿಂಗ್ ಆಯಿತು. ಇದರಲ್ಲಿ ಪ್ರತಿ ಪಾಸ್‌ವರ್ಡಿಗೂ ಬೇರೆ ಬೇರೆ 'ಸಾಲ್ಟ್', ಅಂದರೆ ಸರ್ವರ್ ಗೊತ್ತುಗುರಿಯಿಲ್ಲದೆ ಆರಿಸಿದ ಅಕ್ಷರಗಳನ್ನು ಸೇರಿಸಿ 4096 ಸಲ ಅರೆಯುತ್ತಾರೆ. ಲಾಗಿನ್ ಆಗುವಾಗ ಪಾಸ್‌ವರ್ಡ್ ತಂತಿಯ ಮೇಲೆ ಹೋಗುವುದೇ ಇಲ್ಲ. ಗೊತ್ತಿದೆ ಅಂತ ಎರಡೂ ಕಡೆಯವರು ಒಬ್ಬರಿಗೊಬ್ಬರು ಸಾಬೀತು ಮಾಡುತ್ತಾರೆ. ಸರ್ವರಿನಿಂದ ಕದ್ದದ್ದು ನೇರವಾಗಿ ಲಾಗಿನ್‌ಗೆ ಸಾಲದು. ಹಳೆಯ ಸರ್ವರಿನಿಂದ ಬಂದವರು ಒಂದು ನೆನಪಿಡಿ. ಸೆಟ್ಟಿಂಗ್ ಬದಲಾಯಿಸಿದ ಮಾತ್ರಕ್ಕೆ ಹಳೆಯ ಹ್ಯಾಶುಗಳು ಬದಲಾಗುವುದಿಲ್ಲ. ಪ್ರತಿಯೊಬ್ಬರೂ ಪಾಸ್‌ವರ್ಡನ್ನು ಹೊಸದಾಗಿ ಹಾಕಬೇಕು. ಅದು ಮುಗಿದ ಮೇಲೆ ಫೈಲಿನಲ್ಲಿ ಎಂಡಿ5 ತೆಗೆದು ಸ್ಕ್ರ್ಯಾಮ್ ಬರೆಯಬೇಕು. ಹಿಂದುಮುಂದಾದರೆ ಬೆಳಿಗ್ಗೆ ಯಾರಿಗೂ ಲಾಗಿನ್ ಆಗುವುದಿಲ್ಲ.

ಈಗ ಹೆಸರುಗಳು. ಪೋಸ್ಟ್‌ಗ್ರೆಸ್‌ನಲ್ಲಿ ಬಳಕೆದಾರ ಮತ್ತು ಗುಂಪು ಎರಡೂ 'ರೋಲ್'ಗಳೇ. ಲಾಗಿನ್ ಇರುವ ರೋಲ್ ಮನುಷ್ಯರಿಗೆ, ಲಾಗಿನ್ ಇಲ್ಲದ ರೋಲ್ ಕೆಲಸಕ್ಕೆ. ನಾನು ಮಾಡುವುದು ಹೀಗೆ. ಮೊದಲು ಕೆಲಸಗಳ ರೋಲ್: 'ತೂಕ ಬರೆಯುವುದು', 'ಬಟವಾಡೆ', 'ಲೆಕ್ಕ ಓದುವುದು'. ಟೇಬಲ್‌ಗಳ ಹಕ್ಕುಗಳನ್ನೆಲ್ಲ ಇವಕ್ಕೇ ಕೊಡಬೇಕು. ಆಮೇಲೆ ಒಬ್ಬೊಬ್ಬರ ಹೆಸರಲ್ಲಿ ಲಾಗಿನ್ ರೋಲ್ ಮಾಡಿ, ಅವರವರ ಕೆಲಸದ ಗುಂಪಿಗೆ ಸೇರಿಸಬೇಕು. ಹೊಸ ರೈಟರ್ ಬಂದರೆ ಎರಡೇ ಕಮಾಂಡ್. ಯಾರಿಗೆ ಏನು ಹಕ್ಕಿದೆ ಅಂತ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸುವಷ್ಟು ಸರಳವಾಗಿರುತ್ತದೆ.

ತೂಕದ ಟೇಬಲ್ ಮೇಲೆ ಸ್ವಲ್ಪ ಹೊತ್ತು ನಿಲ್ಲೋಣ, ಯಾಕೆಂದರೆ ಇಲ್ಲೇ ಆ ಹೆಂಗಸಿನ ಕೂಲಿ ಇರುವುದು. ರೈಟರಿಗೆ ಯಾವ ಹಕ್ಕು ಬೇಕು? ಸೇರಿಸುವ ಹಕ್ಕು, ಅಂದರೆ ಇನ್ಸರ್ಟ್. ಓದುವ ಹಕ್ಕು, ಅಂದರೆ ಸೆಲೆಕ್ಟ್. ಬದಲಾಯಿಸುವ ಅಪ್‌ಡೇಟ್ ಬೇಡ, ಅಳಿಸುವ ಡಿಲೀಟ್ ಬೇಡ. ತಪ್ಪಾದರೆ? ಪುಸ್ತಕದ ಕಾಲದಲ್ಲಿ ತಪ್ಪನ್ನು ಅಳಿಸುತ್ತಿರಲಿಲ್ಲ, ಗೆರೆ ಎಳೆದು ಪಕ್ಕದಲ್ಲಿ ಬರೆದು ಸಹಿ ಹಾಕುತ್ತಿದ್ದರು ಅಲ್ವಾ. ಇಲ್ಲೂ ಹಾಗೇ, ತಿದ್ದುಪಡಿ ಅಂತ ಹೊಸ ಸಾಲು ಸೇರಿಸಬೇಕು. ಹಳೆಯದು ಹಾಗೇ ಉಳಿಯುತ್ತದೆ.

ಇನ್ನೊಂದು ಒಳ್ಳೆಯ ಉಪಾಯ ಇದೆ. ಆ ಟೇಬಲ್‌ಗೆ 'ಬರೆದವರು' ಮತ್ತು 'ಬರೆದ ಹೊತ್ತು' ಅಂತ ಎರಡು ಕಾಲಂ ಸೇರಿಸಿ. ಮೊದಲನೆಯದರ ಡೀಫಾಲ್ಟ್, ಅಂದರೆ ತಾನಾಗಿ ತುಂಬುವ ಬೆಲೆ, 'ಸೆಷನ್ ಯೂಸರ್', ಎರಡನೆಯದಕ್ಕೆ 'ನೌ'. ಇನ್ಸರ್ಟ್ ಹಕ್ಕನ್ನು ಇಡೀ ಟೇಬಲ್‌ಗೆ ಕೊಡಬೇಡಿ. ಕೆಲಸಗಾರರ ನಂಬರ್, ತಾರೀಕು, ತೂಕ, ಈ ಮೂರು ಕಾಲಂಗಳಿಗೆ ಮಾತ್ರ ಕೊಡಿ. ಪೋಸ್ಟ್‌ಗ್ರೆಸ್‌ನಲ್ಲಿ ಕಾಲಂ ಮಟ್ಟದಲ್ಲಿ ಹಕ್ಕು ಕೊಡಬಹುದು. ಆಗ 'ಬರೆದವರು' ಕಾಲಂನಲ್ಲಿ ಬೇರೆಯವರ ಹೆಸರು ತುಂಬಲು ರೈಟರಿಗೆ ಆಗುವುದಿಲ್ಲ. ಸರ್ವರ್ ತಾನೇ ಲಾಗಿನ್ ಆದವರ ಹೆಸರು ಬರೆಯುತ್ತದೆ. 62 ಇದ್ದದ್ದು 26 ಆದದ್ದು ಯಾವಾಗ, ಯಾರಿಂದ ಅನ್ನುವುದಕ್ಕೆ ಉತ್ತರ ಟೇಬಲ್ಲಿನಲ್ಲೇ ಇರುತ್ತದೆ. ಇದಕ್ಕೆ ಬೇಕಾದದ್ದು ನಾಲ್ಕು ಸಾಲು.

ಕಾಲಂ ಹಕ್ಕು ಹೋಂಸ್ಟೇ ನಡೆಸುವವರಿಗೂ ಬಹಳ ಉಪಯೋಗ. ಬಂದವರ ಹೆಸರು, ರೂಮ್ ನಂಬರ್, ಊಟ ಎಷ್ಟು ಜನಕ್ಕೆ ಅನ್ನುವುದು ಅಡುಗೆಮನೆಯವರಿಗೂ ಬೇಕು. ಅವರ ಆಧಾರ್ ನಂಬರ್, ಫೋನ್ ನಂಬರ್ ಬೇಡ. ಆ ಕಾಲಂಗಳನ್ನು ಬಿಟ್ಟು ಉಳಿದದ್ದಕ್ಕೆ ಸೆಲೆಕ್ಟ್ ಕೊಡಿ. ನಮ್ಮ ಮನೆಗೆ ಬಂದು ನಂಬಿ ಗುರುತಿನ ಚೀಟಿ ಕೊಟ್ಟವರ ವಿಷಯ ಅದು. 2023ರ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣೆ ಕಾಯ್ದೆಯಲ್ಲಿ, ಸರಿಯಾದ ಭದ್ರತೆ ಇಡದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು ಅಂತ ಇದೆ. ದಂಡದ ಭಯ ಒಂದು ಕಡೆ ಇರಲಿ. ನಮ್ಮದೇ ಆಧಾರ್ ನಂಬರ್ ಬೇರೆ ಊರಿನ ಅಡುಗೆಮನೆಯ ಕಂಪ್ಯೂಟರಿನಲ್ಲಿ ತೆರೆದು ಬಿದ್ದಿದ್ದರೆ ನಮಗೆ ಹೇಗಾಗುತ್ತದೆ?

ಹಕ್ಕು ಕೊಡುವಾಗ ಎಡವುವ ಜಾಗಗಳನ್ನು ಬೇಗ ಹೇಳಿಬಿಡುತ್ತೇನೆ. ಟೇಬಲ್ ಓದಲು ಸೆಲೆಕ್ಟ್ ಒಂದೇ ಸಾಲದು. ಡೇಟಾಬೇಸಿಗೆ ಕನೆಕ್ಟ್ ಹಕ್ಕು, ಟೇಬಲ್‌ಗಳನ್ನು ಇಡುವ ವಿಭಾಗವಾದ ಸ್ಕೀಮಾಗೆ ಯೂಸೇಜ್ ಹಕ್ಕು ಕೂಡ ಬೇಕು. ಕನೆಕ್ಟ್ ಮೂಲದಲ್ಲೇ 'ಪಬ್ಲಿಕ್'ಗೆ, ಅಂದರೆ ಎಲ್ಲ ರೋಲ್‌ಗಳಿಗೂ ಕೊಟ್ಟಿರುತ್ತದೆ. ಅದನ್ನು ರಿವೋಕ್ ಮಾಡಿ, ಅಂದರೆ ವಾಪಸ್ ತೆಗೆದುಕೊಂಡು, ಬೇಕಾದವರಿಗೆ ಮಾತ್ರ ಕೊಡಿ. 2022ರ 15ನೇ ಆವೃತ್ತಿಗಿಂತ ಹಳೆಯದಾದರೆ ಪಬ್ಲಿಕ್ ಸ್ಕೀಮಾದಲ್ಲಿ ಯಾರು ಬೇಕಾದರೂ ಟೇಬಲ್ ಮಾಡಬಹುದು, ಅದನ್ನೂ ರಿವೋಕ್ ಮಾಡಿ. ತಾನಾಗಿ ಏರುವ ನಂಬರ್ ಕೊಡುವ ಹಳೆಯ 'ಸೀರಿಯಲ್' ಕಾಲಂ ಇದ್ದರೆ ಆ ನಂಬರ್ ಎಣಿಸಿಕೊಡುವ ಸೀಕ್ವೆನ್ಸಿಗೂ ಯೂಸೇಜ್ ಬೇಕು, ಇಲ್ಲದಿದ್ದರೆ ಇನ್ಸರ್ಟ್ ನಿಲ್ಲುತ್ತದೆ. ಈ ತರದ ಒಂದು ಎರರ್ ಬಂದ ಕೂಡಲೇ ಬೇಸತ್ತು ಎಲ್ಲರಿಗೂ ಸೂಪರ್‌ಯೂಸರ್, ಅಂದರೆ ಯಾವ ತಡೆಯೂ ಇಲ್ಲದ ಹಕ್ಕು, ಕೊಟ್ಟುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎರರ್ ಮೆಸೇಜ್ ಓದಿ, ಯಾವುದಕ್ಕೆ ಹಕ್ಕಿಲ್ಲ ಅಂತ ಅದರಲ್ಲೇ ಬರೆದಿರುತ್ತದೆ.

ಪಾಸ್‌ವರ್ಡ್ ಹೇಗಿರಬೇಕು? ಊರಿನ ಹೆಸರು, ಒಂದು ಅಟ್ ಗುರುತು, 123 ಅಥವಾ ಈ ವರ್ಷ. ನಮ್ಮ ಕಡೆ ಇದೇ ಜಾಸ್ತಿ. ಊಹಿಸುವ ಪ್ರೋಗ್ರಾಮ್ ಮೊದಲು ನೋಡುವುದೂ ಇದನ್ನೇ. ಪೋಸ್ಟ್‌ಗ್ರೆಸ್ ಒಳಗೆ, ಇಷ್ಟು ಸಲ ತಪ್ಪಿದರೆ ಖಾತೆ ಮುಚ್ಚು ಅನ್ನುವ ವ್ಯವಸ್ಥೆ ಮೂಲದಲ್ಲಿ ಇಲ್ಲ. ಆದ್ದರಿಂದ ಪಾಸ್‌ವರ್ಡ್ ಉದ್ದವಾಗಿರಲೇಬೇಕು. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದ ಸೇರಿಸಿ, ಕನ್ನಡ ಪದಗಳನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ. ಗಾದೆ, ಹಾಡಿನ ಸಾಲು ಬೇಡ. ತಿಂಗಳಿಗೊಮ್ಮೆ ಬದಲಾಯಿಸಿ ಅನ್ನುವ ಹಳೆಯ ನಿಯಮವನ್ನು ಅಮೆರಿಕದಲ್ಲಿ ಮಾನದಂಡ ರೂಪಿಸುವ ನಿಸ್ಟ್ ಸಂಸ್ಥೆ 2017ರಲ್ಲೇ ಬಿಟ್ಟಿತು. ಬಲವಂತವಾಗಿ ಬದಲಾಯಿಸಿದರೆ ಜನ ಕೊನೆಯ ಅಂಕಿಯನ್ನು 1ರಿಂದ 2 ಮಾಡುತ್ತಾರೆ, ಅಷ್ಟೇ. ಸೋರಿದೆ ಅನ್ನುವ ಅನುಮಾನ ಬಂದಾಗ ಕೂಡಲೇ ಬದಲಾಯಿಸಿ.

ಪಾಸ್‌ವರ್ಡ್ ಹಾಕುವಾಗ 'ಆಲ್ಟರ್ ರೋಲ್' ಕಮಾಂಡಿನಲ್ಲಿ ಅದನ್ನು ನೇರವಾಗಿ ಟೈಪ್ ಮಾಡಬೇಡಿ. ಅದು ಕಮಾಂಡ್ ಹಿಸ್ಟರಿಯಲ್ಲಿ ಉಳಿಯುತ್ತದೆ, ನಡೆದದ್ದನ್ನು ಸರ್ವರ್ ಬರೆದಿಡುವ ಲಾಗ್‌ನಲ್ಲೂ ಹಾಗೇ ಬಿದ್ದಿರಬಹುದು. ಪೋಸ್ಟ್‌ಗ್ರೆಸ್‌ಗೆ ಕಮಾಂಡ್ ಕೊಡಲು ಬಳಸುವ ಪಿಎಸ್‌ಕ್ಯೂಎಲ್ ಒಳಗೆ ಬ್ಯಾಕ್‌ಸ್ಲ್ಯಾಷ್ ಪಾಸ್‌ವರ್ಡ್ ಅಂತ ಒಂದು ಕಮಾಂಡ್ ಇದೆ. ಅದು ನಿಮ್ಮ ಕಡೆಯಲ್ಲೇ ಅರೆದು ಕಳಿಸುತ್ತದೆ. ಪಾಸ್‌ವರ್ಡನ್ನು ಆಯಾ ವ್ಯಕ್ತಿಯೇ ಟೈಪ್ ಮಾಡಲಿ. ಕಂಪ್ಯೂಟರ್ ನೋಡಿಕೊಳ್ಳುವ ನಮಗೂ ಅದು ಗೊತ್ತಿರಬಾರದು. ಗೊತ್ತಿದ್ದರೆ ಮತ್ತೆ ಅನುಮಾನ ಇಬ್ಬರ ಮೇಲೆ.

ವೆಬ್ ಅಪ್ಲಿಕೇಶನ್ ಮೂಲಕ ಎಲ್ಲರೂ ಬರುವುದಾದರೆ ಲೆಕ್ಕ ಸ್ವಲ್ಪ ಬೇರೆ. ಆಗ ಡೇಟಾಬೇಸಿಗೆ ಕಾಣುವುದು ಅಪ್ಲಿಕೇಶನ್ ಒಂದೇ. ಯಾರು ಬರೆದರು ಅನ್ನುವುದನ್ನು ಆ ಅಪ್ಲಿಕೇಶನ್ನೇ ತನ್ನ ಲಾಗಿನ್ ನೋಡಿ ದಾಖಲಿಸಬೇಕು. ಸಾಫ್ಟ್‌ವೇರ್ ಕೊಳ್ಳುವಾಗಲೇ ಇದನ್ನು ಕೇಳಿ. ಆ ಅಪ್ಲಿಕೇಶನ್ನಿಗೂ ಒಂದು ಸ್ವಂತ ರೋಲ್ ಇರಲಿ, ಬೇಕಾದಷ್ಟೇ ಹಕ್ಕಿನೊಂದಿಗೆ. ಅದರ ಪಾಸ್‌ವರ್ಡ್ ಕೋಡಿನಲ್ಲಿ ಬರೆದಿರಬಾರದು. ಕೋಡಿನ ಹಳೆಯ ರೂಪಗಳನ್ನೆಲ್ಲ ಉಳಿಸಿಡುವ ಗಿಟ್‌ಗೆ ಒಮ್ಮೆ ಸೇರಿದ ಪಾಸ್‌ವರ್ಡ್, ಮುಂದಿನ ಕಮಿಟ್‌ನಲ್ಲಿ ಅಳಿಸಿದರೂ ಹಿಸ್ಟರಿಯಲ್ಲಿ ಉಳಿದಿರುತ್ತದೆ. ಬೇರೆ ಫೈಲಿನಲ್ಲಿಟ್ಟು, ಆ ಫೈಲನ್ನು ಅಪ್ಲಿಕೇಶನ್ ಓಡುವ ಖಾತೆ ಮಾತ್ರ ಓದುವಂತೆ ಮಾಡಿ.

ಮೈಎಸ್‌ಕ್ಯೂಎಲ್‌ನವರಿಗೆ ಮುಖ್ಯ ಮಾತು ಒಂದೇ. ಅಲ್ಲಿ ಖಾತೆ ಅಂದರೆ ಹೆಸರು ಮತ್ತು ಬರುವ ಜಾಗ ಎರಡೂ ಸೇರಿದ್ದು. ಲೋಕಲ್‌ಹೋಸ್ಟಿನ ರೈಟರ್ ಬೇರೆ, ಶೇಕಡಾ ಗುರುತಿನ, ಅಂದರೆ ಎಲ್ಲಿಂದಾದರೂ ಬರಬಹುದಾದ ರೈಟರ್ ಬೇರೆ. ಎರಡಕ್ಕೂ ಬೇರೆ ಪಾಸ್‌ವರ್ಡ್, ಬೇರೆ ಹಕ್ಕು ಇರಬಹುದು. ಒಂದನ್ನು ತೆಗೆದು ಇನ್ನೊಂದನ್ನು ಮರೆಯುವುದು ಸುಲಭ. ಮತ್ತೆ, ಸರ್ವರನ್ನು ಕಾಲಕಾಲಕ್ಕೆ ಅಪ್‌ಡೇಟ್ ಮಾಡಿ. 2012ರಲ್ಲಿ ಮೈಎಸ್‌ಕ್ಯೂಎಲ್ ಮತ್ತು ಅದರಿಂದಲೇ ಹುಟ್ಟಿದ ಮರಿಯಾಡಿಬಿಯ ಕೆಲವು ಬಿಲ್ಡ್‌ಗಳಲ್ಲಿ ಒಂದು ದೋಷ ಸಿಕ್ಕಿತು. ತಪ್ಪು ಪಾಸ್‌ವರ್ಡನ್ನೇ ಮತ್ತೆ ಮತ್ತೆ ಕೊಟ್ಟರೆ ಸುಮಾರು 256ರಲ್ಲಿ ಒಂದು ಸಲ ಒಳಗೆ ಬಿಟ್ಟುಬಿಡುತ್ತಿತ್ತು. ಅಂಥ ದಿನ ಎಷ್ಟು ಉದ್ದದ ಪಾಸ್‌ವರ್ಡ್ ಇದ್ದರೂ ಉಳಿಸುವುದಿಲ್ಲ. ಪೋರ್ಟ್ 3306 ಹೊರಗೆ ಕಾಣದಂತೆ ಇಟ್ಟವರು ಮಾತ್ರ ಉಳಿದುಕೊಳ್ಳುತ್ತಾರೆ.

ಕೆಲಸ ಬಿಟ್ಟು ಹೋದವರ ಖಾತೆ. ಇದು ಎಲ್ಲ ಕಡೆಯೂ ಬಾಕಿ ಉಳಿಯುವ ಕೆಲಸ. ಹೋದ ದಿನವೇ ಆ ರೋಲ್‌ಗೆ 'ನೋಲಾಗಿನ್' ಮಾಡಿ. ಆದರೆ ಆಗಲೇ ಒಳಗಿರುವ ಸೆಷನ್ ಅದರಿಂದ ಮುರಿಯುವುದಿಲ್ಲ, ಅದನ್ನು ಬೇರೆಯಾಗಿ ನಿಲ್ಲಿಸಬೇಕು. 'ವ್ಯಾಲಿಡ್ ಅಂಟಿಲ್' ಅಂತ ತಾರೀಕು ಹಾಕಿದ್ದೇವೆ ಅನ್ನುವವರು ಗಮನಿಸಿ, ಅದು ಪಾಸ್‌ವರ್ಡಿಗೆ ಮಾತ್ರ ಅನ್ವಯ. ಪಿಯರ್ ಮೂಲಕ ಬರುವವರನ್ನು ಅದು ತಡೆಯುವುದಿಲ್ಲ. ರೋಲ್ ಪೂರ್ತಿ ತೆಗೆಯುವ ಮೊದಲು ಅವರು ಮಾಡಿದ ಟೇಬಲ್‌ಗಳನ್ನು ಬೇರೆಯವರ ಹೆಸರಿಗೆ ವರ್ಗಾಯಿಸಿ, ಅದಕ್ಕೆ 'ರೀಅಸೈನ್ ಓನ್ಡ್' ಇದೆ. ಇಷ್ಟು ದಿನ ಒಂದೇ ಪಾಸ್‌ವರ್ಡ್ ಎಲ್ಲರಿಗೂ ಇದ್ದ ಕಚೇರಿಯಲ್ಲಿ ಒಬ್ಬರು ಬಿಟ್ಟು ಹೋದರೆ ಏನು ಮಾಡುತ್ತೀರಿ ಯೋಚಿಸಿ. ಎಲ್ಲರ ಪಾಸ್‌ವರ್ಡ್ ಬದಲಾಯಿಸಬೇಕು, ಎಲ್ಲ ಪ್ರೋಗ್ರಾಮಿನಲ್ಲೂ ತಿದ್ದಬೇಕು. ಅದು ಕಷ್ಟ ಅಂತ ಯಾರೂ ಮಾಡುವುದಿಲ್ಲ. ಹಾಗಾಗಿ ಹೋದವರಿಗೂ ಒಳಗೆ ದಾರಿ ಉಳಿಯುತ್ತದೆ.

ಲಾಗ್ ವಿಷಯ ಒಂದಿದೆ. ಪೋಸ್ಟ್‌ಗ್ರೆಸ್ ಲಾಗಿನ ಸಾಲುಗಳಲ್ಲಿ ಮೂಲ ಸೆಟ್ಟಿಂಗಿನಲ್ಲಿ ಹೊತ್ತು ಮತ್ತು ಪ್ರೋಸೆಸ್ ನಂಬರ್ ಮಾತ್ರ ಇರುತ್ತದೆ, ಬಳಕೆದಾರರ ಹೆಸರಿರುವುದಿಲ್ಲ. 'ಲಾಗ್ ಲೈನ್ ಪ್ರಿಫಿಕ್ಸ್' ಸೆಟ್ಟಿಂಗಿಗೆ ಹೆಸರು, ಡೇಟಾಬೇಸ್, ಬಂದ ವಿಳಾಸ ಸೇರಿಸಿ. ಒಳಗೆ ಬಂದದ್ದು, ಹೊರಗೆ ಹೋದದ್ದು ದಾಖಲಾಗುವಂತೆ ಮಾಡಿ. ಸೈಬರ್ ಭದ್ರತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸರ್ಟ್ ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಲ್ಲಿ ಕಂಪನಿಗಳು ಲಾಗುಗಳನ್ನು 180 ದಿನ ಇಟ್ಟುಕೊಳ್ಳಬೇಕು, ದಾಳಿ ಗೊತ್ತಾದ 6 ಗಂಟೆಯೊಳಗೆ ತಿಳಿಸಬೇಕು ಅಂತ ಇದೆ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಒಬ್ಬರು, "ಬ್ಯಾಕಪ್ ತೆಗೆದರೆ ಈ ಹೆಸರು, ಪಾಸ್‌ವರ್ಡ್ ಎಲ್ಲ ಅದರಲ್ಲೇ ಬರುತ್ತದಾ?" ಅಂದರು. ಬರುವುದಿಲ್ಲ. ಬ್ಯಾಕಪ್ ತೆಗೆಯುವ ಕಮಾಂಡ್ ಆದ ಪಿಜಿ ಡಂಪ್ ಒಂದು ಡೇಟಾಬೇಸನ್ನು ಮಾತ್ರ ತೆಗೆಯುತ್ತದೆ. ರೋಲ್‌ಗಳಿಗೆ ಪಿಜಿ ಡಂಪ್‌ಆಲ್ ಅನ್ನು 'ಗ್ಲೋಬಲ್ಸ್ ಓನ್ಲಿ' ಆಯ್ಕೆಯೊಂದಿಗೆ ಓಡಿಸಬೇಕು. ಡಂಪ್ ಫೈಲ್ ಕೈಗೆ ಸಿಕ್ಕವರಿಗೆ ನಾವು ಹಾಕಿದ ಹಕ್ಕಿನ ಮಿತಿ ಯಾವುದೂ ಅಡ್ಡ ಬರುವುದಿಲ್ಲ, ಎಲ್ಲವನ್ನೂ ಓದಬಹುದು. ಪೆನ್‌ಡ್ರೈವಿನಲ್ಲಿ ಹಾಕಿ ಮೇಜಿನ ಮೇಲೆ ಬಿಡುವ ವಸ್ತು ಅಲ್ಲ ಅದು, ಎನ್‌ಕ್ರಿಪ್ಟ್ ಮಾಡಿ ಇಡಿ.

ಇನ್ನೊಬ್ಬರದ್ದು ಕಷ್ಟದ ಪ್ರಶ್ನೆ. "ಸೂಪರ್‌ಯೂಸರ್ ಇಲ್ಲದೆ ನಮ್ಮ ಸಾಫ್ಟ್‌ವೇರ್ ಓಡುವುದಿಲ್ಲ ಅಂತ ಕೊಟ್ಟವರು ಹೇಳುತ್ತಾರೆ." ಬಹಳ ಸಲ ಅದಕ್ಕೆ ಬೇಕಾಗಿರುವುದು ತನ್ನ ಡೇಟಾಬೇಸಿನ ಒಡೆತನ ಅಷ್ಟೇ. ಇನ್ನೊಂದು ಕಂಪ್ಯೂಟರಿನಲ್ಲಿ ಬ್ಯಾಕಪ್ಪಿನಿಂದ ಒಂದು ನಕಲು ಎಬ್ಬಿಸಿ. ಸಾಮಾನ್ಯ ರೋಲ್ ಒಂದನ್ನು ಮಾಡಿ, ಆ ಡೇಟಾಬೇಸ್ ಮತ್ತು ಅದರ ಟೇಬಲ್‌ಗಳ ಒಡೆತನವನ್ನು ಅದರ ಹೆಸರಿಗೆ ಬರೆಯಿರಿ. ಸಾಫ್ಟ್‌ವೇರನ್ನು ಆ ಹೆಸರಲ್ಲಿ ಒಂದು ವಾರ ಓಡಿಸಿ, ಲಾಗ್‌ನಲ್ಲಿ 'ಪರ್ಮಿಷನ್ ಡಿನೈಡ್' ಅಂತ ಎಲ್ಲಿ ಬರುತ್ತದೆ ನೋಡಿ. ಆ ಪಟ್ಟಿ ಇಟ್ಟುಕೊಂಡು ಅವರ ಹತ್ತಿರ ಮಾತಾಡಿ. ಸುಮ್ನೆ ಆಗುವುದಿಲ್ಲ ಅನ್ನುವುದು ಆಗ ಅವರಿಗೂ ಕಷ್ಟ.